ಇಗರ್ಜಿಯ ಗಂಟೆ ಮಹಾರಾಜರಾದ ಕಥೆ

ಬಹಳ ಹಿಂದೆ ಒಂದು ರಾಜ್ಯವಿತ್ತು. ಓದುಗರು ಯಾರನ್ನಾದರೂ ನೆನೆಸಿಕೊಂಡು ನನ್ನ ಮೇಲೆ ಕೇಸು ಹಾಕಿಸಬಾರದು, ಅಷ್ಟು ಹಿಂದೆ. ಅದರ ಅಧಿಪತಿ ಶ್ರೀಮನ್ಮಹಾರಾಜ ರಣಭೈರವ ಭೂಪಾಲರು ಹೊಳೆಯಾಚೆಯ ರಾಜ್ಯದ ಮೇಲೆ ಯುದ್ಧ ಹೂಡಿ, ಯಾಕೆ ಹೂಡಿದೆವೆಂಬುದನ್ನು ಮರೆತು, ಈಗ ಶಾಂತಿದೂತರಾಗಲು ಹೊರಟಿದ್ದರು. ಯುದ್ಧಕ್ಕಿಂತ ಶಾಂತಿಗೆ ರೇಟಿಂಗ್ ಜಾಸ್ತಿ ಎಂದು ಸರ್ವೆ ಹೇಳಿತ್ತು.

ಎರಡೂ ದಡದಲ್ಲಿ ಕ್ರೈಸ್ತರಿದ್ದುದರಿಂದ ಬಿಷಪ್ ಗ್ರೆಗೊರಿ ಸ್ವಾಮಿಯವರನ್ನು ಸಂಧಾನಕ್ಕೆ ಕಳಿಸಲಾಯಿತು. ಪಾಪ, ಆ ಮುದುಕರು ದೋಣಿಯಲ್ಲಿ ಹೋಗಿ, ಆಚೆಯ ಬಿಷಪ್ಪರನ್ನು ಜೊತೆಗೂಡಿಸಿಕೊಂಡು, ಅಲ್ಲಿನ ರಾಜನ ಕೈಕಾಲು ಹಿಡಿದು ಒಪ್ಪಂದ ತಂದೇಬಿಟ್ಟರು. ಹೊಳೆದಡದ ಇಗರ್ಜಿಯ ದೊಡ್ಡ ಗಂಟೆ ಬಾರಿಸುವಷ್ಟು ಹೊತ್ತು ಯಾರೂ ಫಿರಂಗಿ ಹಾರಿಸಬಾರದೆಂಬುದು ಅಜ್ಜಂದಿರ ಕಾಲದ ಪದ್ಧತಿ. ಕ್ರಿಸ್ಮಸ್ ಮಧ್ಯಾಹ್ನ ಆ ಗಂಟೆ ಕೇಳಿದರೆ ಆಚೆಯವರು ಸೆರೆಯಾಳುಗಳನ್ನು ಸೇತುವೆ ದಾಟಿಸುತ್ತಾರೆ. ಕೇಳದಿದ್ದರೆ ಒಪ್ಪಂದ ಮುರಿಯಿತು.

ಸೆರೆಯಾಳುಗಳಲ್ಲಿ ಸೆವ್ರಿನ್ ಬಾಯಿಯ ಒಬ್ಬನೇ ಮಗ ವಲೇರಿಯನ್ ಇದ್ದ. ಆಕೆ ಬಿಷಪ್ಪರ ಉಂಗುರಕ್ಕೆ ಮುತ್ತಿಟ್ಟು, "ಹಗ್ಗ ನಾನೇ ಎಳೀತೇನೆ ಸ್ವಾಮೀ. ಕೈ ಬಿದ್ದು ಹೋದ್ರೂ ಅಡ್ಡಿಲ್ಲ, ಅವ ದಾಟುವವರೆಗೆ ನಿಲ್ಲಿಸುದಿಲ್ಲ" ಎಂದಳು.

ಅತ್ತ ಅರಮನೆಯಲ್ಲಿ ಪ್ರಚಾರಮಂತ್ರಿ ಸ್ತುತಿಶೇಖರರು ಪ್ರೆಸೆಂಟೇಶನ್ ಕೊಡುತ್ತಿದ್ದರು.

"ಪ್ರಭೋ, ಶಾಂತಿ ಕಣ್ಣಿಗೆ ಕಾಣುವ ಪದಾರ್ಥವಲ್ಲ. ಸೇತುವೆಯ ಬಳಿ ತಮ್ಮ ಕಂಚಿನ ಮೂರ್ತಿ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ."

"ಕಂಚು ಎಲ್ಲುಂಟು ಮಾರಾಯಾ? ಎಲ್ಲಾ ಫಿರಂಗಿಗೆ ಹೋಯ್ತಲ್ಲ!"

"ಇಗರ್ಜಿಯಲ್ಲೊಂದು ಹಳೇ ಗಂಟೆ ಸುಮ್ಮನೆ ನೇತಾಡುತ್ತಿದೆ, ಪ್ರಭೋ."

"ಭೇಷ್!" ಎಂದರು ಮಹಾರಾಜರು.

ಕ್ರಿಸ್ಮಸ್ ಮಧ್ಯಾಹ್ನ ಬ್ಯಾಂಡು, ಕ್ಯಾಮೆರಾ, ಕೆಂಪು ಹಾಸು ಎಲ್ಲ ಬಂದವು. ಮೂರ್ತಿಯ ಮೇಲಿನ ಪರದೆ ಸರಿಯಿತು. ಕಂಚು ಸಾಲದೆ, ಎತ್ತಿದ ಕೈಯ ಮೇಲೆ ಕೂರಬೇಕಿದ್ದ ಪಾರಿವಾಳ ಮಾತ್ರ ಬಾಕಿ. ಗೋಪುರದಡಿ ಸೆವ್ರಿನ್ ಬಾಯಿ ಶಿಲುಬೆಯ ಗುರುತು ಹಾಕಿಕೊಂಡು ಹಗ್ಗ ಎಳೆದಳು. ಇಡೀ ಹಗ್ಗ ಅವಳ ತಲೆಯ ಮೇಲೆ ಬಿತ್ತು.

"ಗಂಟೆ ಎಲ್ಲಿ?" ಬಿಷಪ್ಪರು ಮಂತ್ರಿಗಳತ್ತ ತಿರುಗಿದರು.

ಮಂತ್ರಿಗಳು ಮೂರ್ತಿಗೆ ಕೈಮುಗಿದರು. "ಇಲ್ಲೇ ಇದೆಯಲ್ಲ ಸ್ವಾಮೀ, ಬಡ್ತಿಯಾಗಿದೆ."

"ನಿಮಗೆ ತಲೆ ಸರಿ ಉಂಟಾ? ಆಚೆ ಮಕ್ಕಳು ಕಾಯ್ತಿದ್ದಾರೆ!" ಎಂದರು ಬಿಷಪ್ಪರು.

ಮಂತ್ರಿಗಳು ಗಡಿಬಿಡಿಯಲ್ಲಿ ಧ್ವನಿವರ್ಧಕದಿಂದ ಗಂಟೆಯ ಸದ್ದು ಹೊರಡಿಸಿದರು. ಅದೇ ಧ್ವನಿವರ್ಧಕದಲ್ಲಿ ವಾರವಾರವೂ ನಮ್ಮ ವಿಜಯ ಸಾರುತ್ತಿದ್ದುದರಿಂದ ಆಚೆಯವರು ನಂಬಲಿಲ್ಲ. ಸೆವ್ರಿನ್ ಬಾಯಿ ಕಲ್ಲೆತ್ತಿಕೊಂಡು ಮೂರ್ತಿಯ ಮೊಣಕಾಲಿಗೆ ಬಡಿದಳು, ಮತ್ತೆ ಮತ್ತೆ ಬಡಿದಳು. ಒಳಗೆಲ್ಲ ಮಣ್ಣು ತುಂಬಿದ್ದ ಮಹಾರಾಜರು 'ದೊಪ್' ಎಂದರು, ಅಷ್ಟೇ. ಸೇತುವೆಯ ಆ ತುದಿಯಲ್ಲಿ ನಿಂತಿದ್ದ ಹುಡುಗರನ್ನು ಹಿಂದಕ್ಕೆ ತಿರುಗಿಸಿದರು. ಕುಂಟುತ್ತ ಹೋದವನು ವಲೇರಿಯನ್ ಎಂದು ತಾಯಿಗೆ ಅಷ್ಟು ದೂರದಿಂದಲೂ ತಿಳಿಯಿತು. ಎದೆ ಒಡೆಯುವ ಹಾಗೆ ಅತ್ತಳು.

ಮರುದಿನ ಫಿರಂಗಿಗಳು ಶುರುವಾದವು. ಅಂದೇ ಆಸ್ಥಾನವು ಮಹಾರಾಜರಿಗೆ 'ಶಾಂತಿಸಾರ್ವಭೌಮ' ಬಿರುದನ್ನಿತ್ತು ಕಿರೀಟ ತೊಡಿಸಿತು. ಬಾಕಿಯಿದ್ದ ಪಾರಿವಾಳಕ್ಕೆ ಮನೆಮನೆಯ ಕಂಚು ಒಪ್ಪಿಸಬೇಕೆಂದು ಡಂಗುರ ಹೊಡೆಸಿತು. ಸೆವ್ರಿನ್ ಬಾಯಿ ಮಗನ ಊಟದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಟ್ಟಳು.

"ಇದೊಂದು ಬಿಡಿ ಮಾರಾಯ್ರೆ, ಅವ ಬಂದ್ರೆ ಎಂತದ್ರಲ್ಲಿ ಉಣ್ಣುದು?"

"ಶಾಂತಿಗಲ್ವಾ ಬಾಯೀ, ಕೊಡಿ" ಎಂದು ಜವಾನ ಕಿತ್ತುಕೊಂಡ.

ಬಟ್ಟಲು ಈಗ ಪಾರಿವಾಳದ ಬಾಲವಾಗಿದೆ. ಆಚೆ ದಡ ನೋಡಲು ಸೆವ್ರಿನ್ ಬಾಯಿ ದಿನಾ ಸೇತುವೆಯ ಬಳಿ ಬರುತ್ತಾಳೆ. ಅದು ಈಗ ಶಾಂತಿಸ್ಮಾರಕದ ಆವರಣವಾದ್ದರಿಂದ ಟಿಕೆಟ್ ತೆಗೆದೇ ಒಳಗೆ ಹೋಗಬೇಕು.