ರೊಟ್ಟಿ ಡಬ್ಬಿಗೆ ಹೋದ ಇಳಕಲ್ ಸೀರೆ

ಆ ಬೇಸಿಗೆಯಲ್ಲಿ ರತ್ನಕ್ಕ ಒಂದು ಘೋಷಣೆ ಹೊರಡಿಸಿದಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಗಿರಿಜೆಯ ಎದುರು, ಆಗಷ್ಟೇ ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದ ಗಂಡ ಮುರಿಗೆಪ್ಪನ ಎದುರು, ಕಾಂಪೌಂಡಿನ ಆಚೆ ಸಂಡಿಗೆ ಹಾಕುತ್ತಿದ್ದ ಪಕ್ಕದ ಮನೆಯ ಅಲಮೇಲುವಿಗೂ ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿ!

"ಹುಟ್ಟೋ ಕೂಸಿಗೆ ಅಂಗಡಿಯಿಂದ ಒಂದು ದಾರಾನೂ ತರಂಗಿಲ್ಲ! ಕೌದಿ, ತಲಿಗೆ ಕುಂಚಿಗಿ, ತೊಟ್ಟಿಲಿಗೆ ಕಟ್ಟೋ ಗಿಳಿ, ಎಲ್ಲಾ ನನ್ನ ಕೈಯಾರೆ ಮಾಡ್ತೀನಿ!"

ಮುರಿಗೆಪ್ಪ ತೊಟ್ಟಿದ್ದ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಹೆಂಡತಿಯ ಕೈಗೆ ಕತ್ತರಿ ಬಂತೆಂದರೆ ಮನೆಯ ಯಾವ ಬಟ್ಟೆಯ ಆಯುಷ್ಯಕ್ಕೂ ಭರವಸೆಯಿಲ್ಲ. ಬಾಗಲಕೋಟೆ ಕಡೆಯಿಂದ ಯಶವಂತಪುರದ ಕಾರ್ಖಾನೆಯ ನೌಕರಿಗೆ ಬಂದು ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಹಿಡಿದಂದಿನಿಂದ ಅವನು ಆಕೆಯ ಕಲಾಸೇವೆಗೆ ತನ್ನ ಬಟ್ಟೆಬರೆ ಅರ್ಪಿಸುತ್ತಲೇ ಬಂದಿದ್ದ. ದಿಂಬಿನೊಳಗೆ ಅವನ ಬನಿಯನ್ನುಗಳಿದ್ದವು. ಬಾಗಿಲಿನ ಕಾಲೊರಸು ಅವನ ಮದುವೆಯ ಕೋಟು. ಹಿಂದೊಮ್ಮೆ ಕೆಲಸಕ್ಕೆ ಹೊರಟು ನಿಂತಾಗ ಪ್ಯಾಂಟೇ ಸಿಗಲಿಲ್ಲ.

"ನನ್ನ ಬೂದಿ ಬಣ್ಣದ ಪ್ಯಾಂಟ್ ಎಲ್ಲೈತಿ?"

"ಗ್ವಾಡಿ ಮ್ಯಾಲೆ ನೋಡ್ರಿ."

ಪ್ಯಾಂಟು ಗೋಡೆಯ ಮೇಲೆಯೇ ಇತ್ತು. ಕಾಗದಪತ್ರ ಇಡುವ ಚೀಲವಾಗಿ, ಹಿಂದಿನ ಜೇಬನ್ನು ಮುಂದೆ ಮಾಡಿಕೊಂಡು, ಎದೆಯ ಮೇಲೆ 'ಸುಸ್ವಾಗತ' ಎಂಬ ಕಸೂತಿ ಹೊತ್ತು ನೇತಾಡುತ್ತಿತ್ತು. ಜೇಬಿನಲ್ಲಿ ಕರೆಂಟಿನ ಬಿಲ್ಲು!

ರತ್ನಕ್ಕನ ಇನ್ನೊಂದು ವಿದ್ಯೆ ಚೌಕಾಸಿ. ಕತ್ತರಿಗೆ ದಕ್ಕದ ಹಳೆ ಬಟ್ಟೆಗಳೆಲ್ಲ ಪಾತ್ರೆ ಪಿಳ್ಳಮ್ಮನ ಪಾಲು. ಪಿಳ್ಳಮ್ಮ ಅಮೃತಹಳ್ಳಿಯವಳು. ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ, ಕಂಕುಳಲ್ಲಿ ಬಟ್ಟೆಯ ಗಂಟು. ಹಳೆ ಬಟ್ಟೆ ಹಾಕಿದರೆ ಹೊಸ ಪಾತ್ರೆ ಕೊಡುವಾಕೆ. ಕಳೆದ ಸಂಕ್ರಾಂತಿಯಲ್ಲಿ ಜೋಳದ ರೊಟ್ಟಿ ಇಡುವ ದೊಡ್ಡದೊಂದು ಸ್ಟೀಲ್ ಡಬ್ಬಿಯ ಮೇಲೆ ರತ್ನಕ್ಕನ ಕಣ್ಣು ಬಿತ್ತು. ಟ್ರಂಕಿನಲ್ಲಿದ್ದ ಹಳೆ ಧೋತರದ ಗಂಟನ್ನು ತಂದು ಜಗಲಿಯ ಮೇಲೆ ಧೊಪ್ಪೆಂದು ಇಟ್ಟಳು. ಧೋತರಗಳಲ್ಲಿ ಬಟ್ಟೆಗಿಂತ ತೂತುಗಳೇ ಹೆಚ್ಚೆಂದು ಆಕೆಗೆ ಗೊತ್ತಿತ್ತು.

"ಬಿಚ್ಚಿ ತೋರ್ಸಮ್ಮ," ಎಂದಳು ಪಿಳ್ಳಮ್ಮ.

"ಬಿಚ್ಚಂಗಿಲ್ಲ! ಇಡೀ ಗಂಟಿಗೆ ಒಂದ ಮಾತು. ಬೇಕಾದ್ರ ತಗೊ, ಬ್ಯಾಡಾದ್ರ ಬಿಡು."

ಬಿಸಿಲು ನೆತ್ತಿಗೇರುವವರೆಗೆ ಜಗಳ ನಡೆಯಿತು. ಕೊನೆಗೆ ಡಬ್ಬಿ ಒಳಗೆ ಬಂತು. ಸಾಲದ್ದಕ್ಕೆ ರತ್ನಕ್ಕ ಬುಟ್ಟಿಗೆ ಕೈ ಹಾಕಿ ಒಂದು ಸೌಟನ್ನೂ ಎಳೆದುಕೊಂಡು ಬಾಗಿಲು ಹಾಕಿದಳು! ಹೊರಗಿನಿಂದ ಪಿಳ್ಳಮ್ಮನ ಶಾಪ ಕೇಳಿಸಿತು: "ನಿನ್ ರೋಡಿಗೆ ಇನ್ನೊಂದ್ ಕಿತ ಕಾಲಿಕ್ಕಿದ್ರೆ ಕೇಳು!" ಹೇಳಿದಂತೆಯೇ ಅವಳು ಆ ರಸ್ತೆ ಬಿಟ್ಟಳು. ರತ್ನಕ್ಕ ಮಾತ್ರ ಆ ಸೌಟಿನ ಕಥೆಯನ್ನು ವಠಾರದ ತುಂಬ ಹೇಳಿಕೊಂಡು ಮೆರೆದಳು.

ಘೋಷಣೆಯಾದ ಮೇಲೆ ಮುರಿಗೆಪ್ಪ ಒಂದು ಮದುವೆಗೆಂದು ಊರಿಗೆ ಹೋಗಿ ಬಂದ. ಬಂದವನೇ ನೀರು ಕುಡಿಯುತ್ತ ಹೇಳಿದ: "ಬಸವ ಜಯಂತಿ ಮುಗಿಸಿಕೊಂಡು ಅವ್ವ ಬರತಾಳ. ಮರಿಮಗನ ಮಾರಿ ನೋಡೇ ಹೋಗ್ತೀನಿ ಅಂದಾಳ. ನಿನ್ನ ಕಡೆ ಇಟ್ಟ ಸೀರಿ ಐತಲ್ಲ, ಅದನ್ನ ಕೌದಿಗೆ ಹಾಕಂತ."

ರತ್ನಕ್ಕನ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು.

ಅವರ ಕಡೆಯ ಪದ್ಧತಿ ಅದು. ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ತುಂಬು ಬಾಳು ಬಾಳಿದ ಹಿರಿಯರ ಹಳೆಯ ಬಟ್ಟೆಯಲ್ಲೇ ಸುತ್ತಬೇಕು, ಆ ಆಯುಷ್ಯ ಕೂಸಿಗೂ ಬರಲಿ ಎಂದು. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ ಹೊಲಿಯುವ ಕೌದಿ ಅದಕ್ಕಾಗಿಯೇ. ಅತ್ತೆ ಸಂಗವ್ವನ ಹಸಿರು ಇಳಕಲ್ ಸೀರೆಯಲ್ಲಿ ಮುರಿಗೆಪ್ಪ ಮಲಗಿದ್ದ. ಗಿರಿಜೆಯೂ ಅದರಲ್ಲೇ ಮಲಗಿದ್ದಳು. ಆಮೇಲೆ ಸಂಗವ್ವ ಅದನ್ನು ಸೊಸೆಯ ಕೈಗಿಟ್ಟು, "ಇಕಿ ಮಕ್ಕಳಿಗೂ ಆಗತೈತಿ, ಜ್ವಾಪಾನ ಮಾಡವ್ವಾ" ಎಂದಿದ್ದಳು.

ರತ್ನಕ್ಕ ಜೋಪಾನ ಮಾಡಿಯೇ ಇದ್ದಳು. ನುಸಿ ಹಿಡಿಯಬಾರದೆಂದು ಬೇವಿನ ಸೊಪ್ಪು ಇಟ್ಟು, ಹಳೆ ಧೋತರಗಳ ನಡುವೆ ಮಡಚಿ, ಗಟ್ಟಿಯಾಗಿ ಗಂಟು ಕಟ್ಟಿ, ಟ್ರಂಕಿನ ತಳದಲ್ಲಿ...

ಧೋತರದ ಗಂಟು! ಬಿಚ್ಚಂಗಿಲ್ಲ! ಇಡೀ ಗಂಟಿಗೆ ಒಂದ ಮಾತು!

ಆದರೂ ಟ್ರಂಕನ್ನು ಬುಡಮೇಲು ಮಾಡಿ ಹುಡುಕಿದಳು. ಒಣಗಿದ ಬೇವಿನೆಲೆ ಎರಡು ಸಿಕ್ಕವು. ಅವನ್ನು ಕೈಯಲ್ಲಿ ಹಿಡಿದುಕೊಂಡು ಟ್ರಂಕಿನ ಪಕ್ಕ ಕೂತು, ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದಳು. ಪ್ಯಾಂಟು ಗೋಡೆಗೇರಿದಾಗಲೂ ಕೂಗಾಡಿದ್ದ ಮುರಿಗೆಪ್ಪ ಈ ಸಲ ಕೂಗಾಡಲಿಲ್ಲ.

"ನಾ ಅದರಾಗ ಬೆಳದೀನಿ, ರತ್ನಾ," ಎಂದಷ್ಟೇ ಹೇಳಿ ಹಿತ್ತಿಲಿಗೆ ಹೋದ.

ಅವನು ಬೈದಿದ್ದರೆ ಆಕೆ ತಿರುಗಿ ಬೈದು ಹಗುರಾಗುತ್ತಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಅದನ್ನು ನೋಡಲಾರದೆ ಅದರ ಮೇಲೊಂದು ಟವೆಲ್ಲು ಹೊದಿಸಿ ಅತ್ತಳು.

ಮರುದಿನ ಬೆಳಿಗ್ಗೆಯೇ ಅಲಮೇಲುವನ್ನು ಕರೆದುಕೊಂಡು ಅಮೃತಹಳ್ಳಿಗೆ ಹೊರಟಳು. ಹೆಬ್ಬಾಳದವರೆಗೆ ಬಸ್ಸು, ಅಲ್ಲಿಂದ ಮುಂದೆ ಕಾಲು. ಬಿಸಿಲಿಗೆ ಕೆರೆಯೂ ಬತ್ತಿ ಬಾಯಿ ಬಿಟ್ಟಿತ್ತು. ಪಿಳ್ಳಮ್ಮನ ಮನೆಗೆ ಬೀಗ! ಪಕ್ಕದ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ ಬ್ಯಾಟರಾಯಪ್ಪ ಎನ್ನುವ ಮುದುಕ ವರದಿ ಒಪ್ಪಿಸಿದ.

"ಅಬ್ಬಿಗೆರೆಗೆ ಮಗಳ ಮನೆಗೆ ಓಗವ್ಳೆ. ಅಂಗೇ ಎಸರಘಟ್ಟದ ಕಡೆ ಯಾಪಾರ. ಯಾವಾಗ ಬತ್ತಾಳೋ ಯಾರ್ ಕಂಡವ್ರೆ?"

"ಅವ್ರು ಬಟ್ಟೆ ಎಲ್ಲಾ ಏನ್ ಮಾಡ್ತಾರೆ, ತಾತ?" ಎಂದಳು ಅಲಮೇಲು.

"ಪ್ಯಾಟೆಗೆ ಆಕ್ಬುಡ್ತಾಳೆ. ಅಲ್ಲಿ ಓದ್ ಮ್ಯಾಕೆ ಮುಗೀತು ಬುಡವ್ವ."

ದಾರಿಯುದ್ದಕ್ಕೂ ಅಲಮೇಲು ಸಮಾಧಾನ ಮಾಡಿದಳು. "ಅಳ್ಬೇಡಿ ಕಣ್ರೀ. ಎಲ್ಲಾ ರೋಡಲ್ಲೂ ಹೇಳಿಟ್ಟಿರ್ತೀನಿ. ಪಿಳ್ಳಮ್ಮ ಎಲ್ಲೇ ಕಾಣಲಿ, ಕೈ ಹಿಡಿದು ನಿಮ್ಮನೆ ಮುಂದೆ ತಂದು ನಿಲ್ಲಿಸ್ತೀನಿ. ಇದು ನನ್ನ ಮಾತು!"

ಅಲಮೇಲು ಮಾತಿಗೆ ತಪ್ಪುವವಳಲ್ಲ. ಮುಂದೆ ಅದೇ ಫಜೀತಿಯಾಯಿತು.

ಭಾನುವಾರ ರತ್ನಕ್ಕ ಪೇಟೆಯ ಹಳೆ ಬಟ್ಟೆ ಸಂತೆಯಲ್ಲಿ ನಿಂತಿದ್ದಳು. ಊರಿನವರು ಉಟ್ಟು ಬಿಟ್ಟ ಬಟ್ಟೆಯೆಲ್ಲ ಗುಡ್ಡಗುಡ್ಡವಾಗಿ ಬಿದ್ದಿತ್ತು. ಒಂದೊಂದು ಗುಡ್ಡವನ್ನೂ ಕೆದರಿದಳು. ಅತ್ತೆಯ ಸೀರೆ ಸಿಗಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಅದೇ ಹಸಿರಿನ, ಅದೇ ಕೆಂಪು ಸೆರಗಿನ ಇನ್ನೊಂದು ಇಳಕಲ್ ಸೀರೆ ಕೈಗೆ ಬಂತು. ಜೀವಮಾನದಲ್ಲಿ ಮೊದಲ ಸಲ ರತ್ನಕ್ಕ ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟಳು! ಅಂಗಡಿಯವನಿಗೇ ಅನುಮಾನ ಬಂದು ನೋಟನ್ನು ಬಿಸಿಲಿಗೆ ಹಿಡಿದು ನೋಡಿದ.

ಒಂದೇ ತೊಡಕು, ಸೀರೆ ಇನ್ನೂ ಗಟ್ಟಿಯಾಗಿ, ಮಿರಮಿರ ಮಿಂಚುತ್ತಿತ್ತು. ಮುದುಕಿಯ ಸೀರೆ ಮುದುಕಿಯಾಗಬೇಡವೇ? ರತ್ನಕ್ಕ ಅದನ್ನು ಚಹಾ ಪುಡಿ ಹಾಕಿ ಕುದಿಸಿದಳು. ಒಗೆಯುವ ಕಲ್ಲಿಗೆ ಬಡಿದಳು. ತಾರಸಿಯ ಬಿಸಿಲಿಗೆ ಹಾಕಿ ಮೇಲೆ ಕಾಲಿನಿಂದ ತುಳಿದಳು. ಇಷ್ಟೂ ಸಾಲದೆಂದು ಮುರಿಗೆಪ್ಪನಿಗೆ ಹೊದ್ದುಕೊಂಡು ಹೊರಳಾಡಲು ಹೇಳಿದಳು.

"ಈ ಸೆಕಿಯೊಳಗ?"

"ನಿಮ್ಮವ್ವನ ಸಲುವಾಗಿ ಹೊಳ್ಳಾಡ್ರಿ!"

ಪಾಪ, ಅವನು ಹೊರಳಾಡಿದ. ಅದನ್ನು ನೋಡಿ ಗಿರಿಜೆ ಹೊಟ್ಟೆ ಹಿಡಿದುಕೊಂಡಳು. "ಅವ್ವಾ, ನಗಿಸಬ್ಯಾಡ ಬೇ. ಇಲ್ಲೇ ಹಡದಬಿಡ್ತೀನಿ!"

ಉಳಿದ ಪದರಗಳಿಗೆ ಅಲಮೇಲುವಿನ ಸವೆದ ಸೀರೆಗಳು ಬಂದವು. ಮೇಲಿನ ತುಂಡುಗಳಿಗೆ ಮುರಿಗೆಪ್ಪನ ಅಂಗಿಗಳು ಎಂದಿನಂತೆ ಹುತಾತ್ಮವಾದವು. ನೆಲದ ಮೇಲೆ ಹಾಸಿಕೊಂಡು, ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಹೊಲಿದಳು. ಕುಂಚಿಗೆ ಮರೆತಳು, ಗಿಳಿ ಮರೆತಳು, ಊಟವನ್ನೂ ಮರೆತಳು. ಬೆರಳು ತೂತಾದವು. ಹೊಲಿದಷ್ಟೂ ಮನಸ್ಸಿನಲ್ಲಿ ಒಂದೇ ಕೊರಗು. ಇದರಾಗ ಯಾರ ಆಯುಷ್ಯ ಐತೋ ಏನೋ! ಪೇಟೆಯ ಗುಡ್ಡದಿಂದ ಎತ್ತಿ ತಂದ, ಯಾರು ಉಟ್ಟರೋ ತಿಳಿಯದ ಸೀರೆ. ಮೊಮ್ಮಗುವಿಗೆ ತಾನೇ ಕೈಯಾರೆ ಮೋಸ ಮಾಡುತ್ತಿದ್ದೇನೆ ಎಂದು ನೆನೆದಾಗಲೆಲ್ಲ ಕಣ್ಣು ಮಂಜಾಗಿ ಹೊಲಿಗೆ ಸೊಟ್ಟಗಾಗುತ್ತಿತ್ತು.

ಕೊನೆಯ ಸುತ್ತು ಹೊಲಿಯುತ್ತಿದ್ದಾಗ ಗೇಟಿನ ಸದ್ದಾಯಿತು.

"ರತ್ನವ್ವಾ! ಎಲ್ಲದೀಯವ್ವಾ?"

ಅತ್ತೆ! ರತ್ನಕ್ಕ ದಡಬಡಿಸಿ ಎದ್ದು ಓಡಿದಳು. ಕೌದಿಯೂ ಎದ್ದು ಅವಳ ಹಿಂದೆಯೇ ಓಡಿ ಬಂತು! ಅವಸರದಲ್ಲಿ ಆಕೆ ಉಟ್ಟ ಸೀರೆಯ ಸೆರಗನ್ನೂ ಕೌದಿಗೆ ಸೇರಿಸಿ ಹೊಲಿದುಬಿಟ್ಟಿದ್ದಳು. ಹಾಗೆಯೇ, ಅರಮನೆಯ ರಾಣಿಯಂತೆ ಹಿಂದೆ ಉದ್ದಕ್ಕೆ ಎಳೆದುಕೊಂಡು, ಅತ್ತೆಯ ಕಾಲಿಗೆ ಬಿದ್ದಳು.

ಸಂಗವ್ವ ಬಗ್ಗಿ ಸೊಸೆಯನ್ನು ನೋಡುವ ಬದಲು ಕೌದಿಯನ್ನು ನೋಡಿದಳು. ಹಸಿರು ಪದರವನ್ನು ಬೆರಳಿನಿಂದ ಸವರಿದಳು. ಮೂಗಿಗೆ ಹಿಡಿದಳು.

"ಚಾ ವಾಸನಿ ಹೊಡೀತೈತಲ್ಲವ್ವಾ?"

"ಬೆಂಗಳೂರಾಗ ಎಲ್ಲಾದಕ್ಕೂ ಚಾ ವಾಸನೀನ ರೀ, ಅತ್ತಿ."

ಮುದುಕಿ ಕೌದಿಯನ್ನು ಕೈಬಿಟ್ಟಳು. ರತ್ನಕ್ಕ ಇನ್ನೇನು ಉಸಿರು ಬಿಡಬೇಕು, ರಸ್ತೆಯ ತುದಿಯಿಂದ ಅಲಮೇಲುವಿನ ಜಯಘೋಷ ಕೇಳಿಸಿತು.

"ರತ್ನಾ ಅವ್ರೇ! ಸಿಕ್ಕಿದ್ಲು ಕಣ್ರೀ! ನಿಮ್ಮ ಅತ್ತೆ ಸೀರೆ ತಗೊಂಡು ಹೋದ ಪಿಳ್ಳಮ್ಮ ಸಿಕ್ಕಿದ್ಲು!"

ಒಂದೇ ಉಸಿರಿಗೆ ಎಲ್ಲ ಬಯಲು! ಅಲಮೇಲು ಕೊಟ್ಟ ಮಾತಿನಂತೆ ಪಿಳ್ಳಮ್ಮನ ಕೈ ಹಿಡಿದೇ ಎಳೆದು ತಂದಿದ್ದಳು. ಸಂಗವ್ವನನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ಆದರೆ ಸಂಗವ್ವ ಅವಳನ್ನು ನೋಡುತ್ತಲೇ ಇರಲಿಲ್ಲ. ಪಿಳ್ಳಮ್ಮನ ಕಂಕುಳಲ್ಲಿದ್ದ ಬಟ್ಟೆಯ ಗಂಟನ್ನು ನೋಡುತ್ತಿದ್ದಳು. ಆ ಗಂಟು ಕಟ್ಟಿದ್ದದ್ದೇ ಹಸಿರು ಇಳಕಲ್ ಸೀರೆಯಲ್ಲಿ. ಅಂಚಿನಲ್ಲಿ ತೊಟ್ಟಿಲಿನ ಕೊಂಡಿಗೆ ಸಿಕ್ಕು ಹರಿದ ಕಡೆ, ಸಂಗವ್ವ ತಾನೇ ಹಳದಿ ದಾರದಲ್ಲಿ ಹಾಕಿದ್ದ ಹೊಲಿಗೆ ಎದ್ದು ಕಾಣುತ್ತಿತ್ತು.

"ಗಟ್ಟಿ ಸೀರೆ ಕಣಮ್ಮ," ಎಂದಳು ಪಿಳ್ಳಮ್ಮ. "ಪ್ಯಾಟೆಗೆ ಆಕಕ್ಕೆ ಮನ್ಸು ಬರ್ನಿಲ್ಲ. ಎಷ್ಟು ಬಟ್ಟೆ ತುಂಬಿದ್ರೂ ಅರಿಯಲ್ಲ."

ಪೇಟೆಯ ಗುಡ್ಡಗಳನ್ನೆಲ್ಲ ರತ್ನಕ್ಕ ಕೆದರುತ್ತಿದ್ದಾಗ ಆ ಸೀರೆ ಊರೂರು ಸುತ್ತುತ್ತಿತ್ತು! ಸೌಟಿಗಾಗಿ ಆ ಹೆಂಗಸಿನೊಡನೆ ಜಗಳವಾಡದಿದ್ದರೆ ಅದು ವಾರಕ್ಕೊಮ್ಮೆ ತನ್ನ ಜಗಲಿಗೇ ಬಂದು ಕೂರುತ್ತಿತ್ತು.

"ಅದನ್ನ ಬಿಚ್ಚಿ ಕೊಡವ್ವಾ," ಎಂದಳು ಸಂಗವ್ವ ಮೆಲ್ಲಗೆ.

"ಬಿಚ್ಚಾದಾ? ಗಂಟು ಯಾತರಲ್ಲಿ ಕಟ್ಲಿ?" ಪಿಳ್ಳಮ್ಮನ ಕಣ್ಣು ರತ್ನಕ್ಕನ ಬೆನ್ನಿಗೆ ಜೋತಿದ್ದ ಕೌದಿಯ ಮೇಲೆ ಬಿತ್ತು. "ಅದ್ ಕೊಡಿ. ಇದ್ ತಗಳಿ."

"ಅತ್ತೀ, ಇಡೀ ಬ್ಯಾಸಗಿ ಹೊಲದೀನ್ರೀ!" ಎಂದು ರತ್ನಕ್ಕ ಅಳುವ ದನಿಯಲ್ಲಿ ಕೂಗಿದಳು.

ಸಂಗವ್ವ ಕತ್ತರಿ ತರಿಸಿ, ಸೊಸೆಯ ಸೆರಗನ್ನು ಕೌದಿಯಿಂದ ಬಿಡಿಸಿ, ಕೌದಿಯನ್ನು ಪಿಳ್ಳಮ್ಮನ ಕೈಗೆ ಕೊಟ್ಟಳು. ಪಿಳ್ಳಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿದಳು, ಎಳೆದಳು, ಮೂಸಿದಳು. ಮುಖ ಸಿಂಡರಿಸಿದಳು.

"ಟೀ ವಾಸ್ನೆ ಒಡೀತದೆ. ಒಲಿಗೆ ಬೇರೆ ಸೊಟ್ಟಗದೆ. ಸರಿ ಓಗಲ್ಲ. ಮ್ಯಾಲೆ ಒಂದು ಸೌಟು ಆಕಮ್ಮ!"

ರತ್ನಕ್ಕ ಒಳಗೆ ಹೋಗಿ, ಅದೇ ಸೌಟನ್ನು ತಂದು, ತಲೆ ತಗ್ಗಿಸಿಕೊಂಡು ಕೊಟ್ಟಳು. ಬಾಗಿಲಲ್ಲಿ ನಿಂತಿದ್ದ ಗಿರಿಜೆ ಇಷ್ಟು ಹೊತ್ತು ತಡೆದಿದ್ದ ನಗುವನ್ನು ಇನ್ನು ತಡೆಯಲಾರದೆ ಹೋದಳು. ನಕ್ಕಳು, ನಕ್ಕಳು, ನಗುತ್ತ ನಗುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ನಗು ನಿಂತಿತು.

"ಅವ್ವಾ... ಹೊಟ್ಟಿ!"

ಅಲಮೇಲು ಆಟೋ ತರಲು ಓಡಿದಳು. ಸಂಗವ್ವ ಆ ಹಳೆ ಸೀರೆಯನ್ನು ಬಿಸಿನೀರಿನಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ಮುರಿಗೆಪ್ಪನ ಕೈಯಲ್ಲಿ ಆಸ್ಪತ್ರೆಗೆ ಹೊರಿಸಿಕೊಂಡು ಬಂದಳು. ಕೌದಿಯಿಲ್ಲ, ಕುಂಚಿಗೆಯಿಲ್ಲ, ಗಿಳಿಯಿಲ್ಲ. ಅಷ್ಟರಲ್ಲಿ ಹುಟ್ಟಿದ್ದ ಹೆಣ್ಣು ಕೂಸು ಅಪ್ಪಟ ಇಳಕಲ್ ಸೀರೆಯ ಮಡಿಕೆಯಲ್ಲಿ, ಮುಷ್ಟಿ ಬಿಗಿದುಕೊಂಡು, ಯಾರ ಹಂಗೂ ಇಲ್ಲದೆ ಮಲಗಿತ್ತು. ಮುರಿಗೆಪ್ಪ ಸೀರೆಯ ಅಂಚನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ರತ್ನಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತು ತೂತಾದ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಫ್ಲಾಸ್ಕಿನಲ್ಲಿ ಕಾಫಿ ತಂದ ಅಲಮೇಲು ಮಗುವನ್ನು ನೋಡಿ ಖುಷಿಪಟ್ಟಳು. ಆಮೇಲೆ, ಸುಮ್ಮನಿರಲಾರದೆ ಕೇಳಿದಳು: "ಎಲ್ಲಾ ಕೈಯಾರೆ ಮಾಡ್ತೀನಿ ಅಂದಿದ್ರಲ್ಲ ರತ್ನಾ ಅವ್ರೇ? ಇದ್ರಲ್ಲಿ ನೀವು ಮಾಡಿದ್ದು ಯಾವುದು?"

ರತ್ನಕ್ಕ ಬಾಯಿ ತೆರೆಯುವ ಮೊದಲೇ ಸಂಗವ್ವ ಕೂಸಿನ ಕೆನ್ನೆಯ ಮೇಲಿನ ಸೆರಗು ಸರಿಸುತ್ತ ಹೇಳಿದಳು:

"ಕಳದಿದ್ದಳಲ್ಲವ್ವಾ, ಕೈಯಾರೆ!"