ರೂಸುವಿಗೆ ಎರಡು ಕಾಲುಚೀಲ

ಚಳಿಗಾಲವನ್ನು ಸೃಷ್ಟಿಸಿದವನು ಯಾರೇ ಆಗಿರಲಿ, ಅವನ ಹತ್ತಿರ ಬೈಕು ಇರಲಿಲ್ಲ ಎಂಬುದು ಕಲೆರ್ವೊನ ಖಚಿತ ಅಭಿಪ್ರಾಯ. ಉತ್ತರದ ಹಿಮದ ನಾಡಿನ ಈಸಲ್ಮಿ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಈ ಸಾಧು ಮನುಷ್ಯನಿಗೆ ವರ್ಷದಲ್ಲಿ ಐದೇ ತಿಂಗಳು ಬೈಕಿನ ಸುಖ. ಉಳಿದ ಏಳು ತಿಂಗಳು ಅದನ್ನು ಎಲ್ಲಿ ಮಲಗಿಸುವುದೆಂಬ ಚಿಂತೆ. ಅವನಿರುವುದು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ. (ಒಮ್ಮೆ ಟೇಪು ಹಿಡಿದು ಲಿಫ್ಟಿನ ಅಗಲ ಅಳೆದದ್ದುಂಟು. ಹೆಂಡತಿ ರಿತ್ವಾ ಅದನ್ನು ನೋಡಿಬಿಟ್ಟಳು. ಆ ವಿಷಯ ಇಲ್ಲಿಗೇ ಸಾಕು.)

ಹೀಗಾಗಿ ಬೈಕಿನ ಮಾನಪ್ರಾಣಗಳೆರಡೂ ಹಳ್ಳಿಯಲ್ಲಿದ್ದ ಅತ್ತೆ ಹಿಲ್ಮಾ ಅವರ ಕೈಯಲ್ಲಿದ್ದವು. ಅವರು ಹಸು ಸಾಕುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಹಲಗೆ ನೆಲದ, ತೇವ ಸುಳಿಯದ ಕೊಟ್ಟಿಗೆ ಖಾಲಿಯಾಗಿತ್ತು. ಕೊನೆಯ ಹಸುವಿನ ಹೆಸರು ರೂಸು. ಆ ಹೆಸರು ಬರೆದ ಪಟ್ಟಿ ಇನ್ನೂ ಗೋಡೆಯ ಮೇಲಿತ್ತು. ಅತ್ತೆಯನ್ನು ಒಲಿಸಿಕೊಳ್ಳಲು ಕಲೆರ್ವೊ ತನ್ನ ಕೆಂಪು ಬೈಕಿಗೂ ರೂಸು ಎಂದೇ ನಾಮಕರಣ ಮಾಡಿದ.

"ಆ ರೂಸು ಹಾಲು ಕೊಡ್ತಿತ್ತು," ಎಂದಷ್ಟೇ ಅತ್ತೆ ಹೇಳಿದರು.

ಹಸುಗಳು ಹೋದ ಮೇಲೆ ಆ ಕೊಟ್ಟಿಗೆಗೆ ಮೊದಲು ಸೇರಿದ್ದು ಷಡ್ಡಕ ರೇಯ್ನೊನ ದೋಣಿ. ಎರಡು ವರ್ಷದ ಹಿಂದೆ, ಅತ್ತೆ ಕೈಯಾರೆ ಹೆಣೆದುಕೊಟ್ಟ ಉಣ್ಣೆಯ ಕಾಲುಚೀಲವನ್ನು ರೇಯ್ನೊನ ನಾಯಿ ಕಚ್ಚಿ ಚಿಂದಿ ಮಾಡಿತು. ಅತ್ತೆ ಕೊಟ್ಟಿಗೆಯ ಬಾಗಿಲು ತೆಗೆಸಿದರು. ಆ ವಾರವೇ ದೋಣಿ ಅಂಗಳಕ್ಕೆ ಬಂದು ಹಿಮದಡಿ ಮಲಗಿತು, ರೂಸು ಒಳಗೆ ಹೋಯಿತು. ಆದರೆ ಈ ಸಲ ರೇಯ್ನೊ ಯಾರೂ ಕರೆಯದೆ ಬಂದು, ಎರಡು ದಿನ ಬೆವರು ಸುರಿಸಿ, ಅತ್ತೆಯ ಸೌನಾ ಎಂಬ ಹಬೆಸ್ನಾನದ ಕೋಣೆಗೆ ಇಡೀ ವರ್ಷ ಸಾಲುವಷ್ಟು ಸೌದೆ ಒಡೆದು ಒಟ್ಟಿ ಹೋಗಿದ್ದ. "ಕೊಟ್ಟಿಗೆ ಈ ಸಲ ಯಾರಿಗೆ ಅಂತ ಭಾನುವಾರ ಕಾಫಿಗೆ ಬಂದಾಗ ಹೇಳ್ತೀನಿ," ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ಕಲೆರ್ವೊನಿಗೆ ಆ ವಾರವೆಲ್ಲ ಊಟ ರುಚಿಸಲಿಲ್ಲ.

ಅವನೂ ದಡ್ಡನಲ್ಲ. ಭಾನುವಾರ, ತನ್ನ ಹುಟ್ಟುಹಬ್ಬಕ್ಕೆ ಅತ್ತೆ ಹೆಣೆದುಕೊಟ್ಟಿದ್ದ ಕಾಲುಚೀಲವನ್ನೇ ಹಾಕಿಕೊಂಡು ಹೊರಟ. ಬೂದು ಬಣ್ಣದ ದಪ್ಪ ಉಣ್ಣೆ, ಅಂಚಿನಲ್ಲಿ ಕೆಂಪು ನೂಲಿನಲ್ಲಿ ಅವನ ಹೆಸರಿನ ಮೊದಲಕ್ಷರ. ಕಾರಿನಲ್ಲಿ ಹಿಂದೆ ಬಂದ ರಿತ್ವಾಳಿಗಿಂತ ಮೊದಲೇ ಬೈಕಿನಲ್ಲಿ ಹಳ್ಳಿ ಸೇರಿ, ಮನೆಯೊಳಕ್ಕೂ ಹೋಗದೆ ನೇರವಾಗಿ ಕೊಟ್ಟಿಗೆಗೆ ನುಗ್ಗಿದ.

"ಅಮ್ಮ ಇನ್ನೂ ಹೂಂ ಅಂದಿಲ್ಲ ಕಣೋ," ಎಂದಳು ರಿತ್ವಾ ಬಾಗಿಲಲ್ಲಿ ನಿಂತು.

"ಅದಕ್ಕೇ ಬೇಗ ಬೇಗ ಮಲಗಿಸ್ತಿದೀನಿ. ನಿದ್ದೆ ಮಾಡ್ತಿರೋರನ್ನ ಎಬ್ಬಿಸಿ ಓಡಿಸೋಕೆ ಯಾರಿಗೆ ಮನಸ್ಸು ಬರುತ್ತೆ?"

"ನಿನ್ನನ್ನ ನಾನು ಪ್ರತಿ ಭಾನುವಾರ ಎಬ್ಬಿಸಿ ಓಡಿಸ್ತೀನಲ್ಲ!"

ಕಲೆರ್ವೊ ಕೇಳಿಸಿಕೊಳ್ಳಲಿಲ್ಲ. ಬರುವ ದಾರಿಯಲ್ಲೇ ಟ್ಯಾಂಕಿಗೆ ಕಂಠಪೂರ್ತಿ ಪೆಟ್ರೋಲು ತುಂಬಿಸಿದ್ದ. ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿದ. ಚೈನಿಗೆ ಗ್ರೀಸು ಬಳಿದ. ಪ್ಲಗ್ಗು ಬಿಚ್ಚಿ, ಒಳಗೆ ತುಕ್ಕು ಹಿಡಿಯದಿರಲೆಂದು ಎರಡೂ ಸಿಲಿಂಡರಿಗೆ ಎಣ್ಣೆ ಬಿಟ್ಟು ಮತ್ತೆ ಬಿಗಿದ. (ಬಿಡಬೇಕಾದ್ದು ಒಂದೊಂದು ಚಮಚ. ಪ್ರೀತಿ ಹೆಚ್ಚಾಗಿ ಮೂರು ಮೂರು ಚಮಚ ಬಿಟ್ಟ.) ಬ್ಯಾಟರಿ ಬಿಚ್ಚಿ ಹೆಂಡತಿಯ ಕೈಗಿತ್ತು, "ಒಳಗೆ ಬೆಚ್ಚಗಿರೋ ಕಡೆ ಇಡು, ಮಗು ಥರ ಎತ್ಕೊ," ಎಂದ.

"ನಮ್ಮ ಮಗಳನ್ನ ನೀನು ಒಂದು ದಿನಾನೂ ಹೀಗೆ ಎತ್ಕೊಂಡಿಲ್ಲ," ಎನ್ನುತ್ತಾ ರಿತ್ವಾ ಮನೆಯ ಕಡೆ ನಡೆದಳು.

ಉಳಿದದ್ದು ಇಲಿಯ ಕಾಟವೊಂದೇ. ಹೊಲದ ಇಲಿಗಳಿಗೆ ಚಳಿ ಶುರುವಾಗುತ್ತಲೇ ಸೈಲೆನ್ಸರಿನ ಕೊಳವೆಯಷ್ಟು ಇಷ್ಟವಾದ ಮನೆ ಇನ್ನೊಂದಿಲ್ಲ. ಕೊಳವೆಯ ಬಾಯಿಗೆ ಬಟ್ಟೆ ತುರುಕಲೇಬೇಕು. ಆದರೆ ತಂದಿದ್ದ ಬಟ್ಟೆಯೆಲ್ಲ ಗ್ರೀಸು ಒರೆಸಿ ಮುಗಿದಿತ್ತು. ಅಷ್ಟರಲ್ಲಿ ಗೋಡೆಯ ಬುಡದಲ್ಲಿ ಒಂದು ಇಲಿ, ಬಾಡಿಗೆಗೆ ಮನೆ ನೋಡಲು ಬಂದವರಂತೆ, ರೂಸುವನ್ನು ಹಿಂದಿನಿಂದ ಮುಂದಿನವರೆಗೆ ಪರಿಶೀಲಿಸಿ ಹೋಯಿತು. ಕಲೆರ್ವೊನ ರಕ್ತ ಕುದಿಯಿತು. ಕೊಳವೆ ಎರಡು. ಕಾಲೂ ಎರಡು. ಯೋಚಿಸಲು ಪುರುಸೊತ್ತಿರಲಿಲ್ಲ. ಬೂಟು ಕಿತ್ತು, ಕಾಲುಚೀಲಗಳನ್ನು ಕೊಳವೆಗೊಂದರಂತೆ ತುರುಕಿ, ಕುಂಟೆಯ ಹಿಡಿಯಿಂದ ಗಟ್ಟಿಯಾಗಿ ಒಳಕ್ಕೆ ತಳ್ಳಿ, ಬರಿಗಾಲಿಗೆ ಬೂಟು ಸಿಕ್ಕಿಸಿಕೊಂಡ. ತನ್ನ ಸಮಯಸ್ಫೂರ್ತಿಗೆ ತಾನೇ ತಲೆದೂಗಿದ.

"ಕಾಫಿ ಆಯ್ತು!" ಎಂದು ಅತ್ತೆ ಕೂಗಿದರು.

ಹೊರಟು ನಾಲ್ಕು ಹೆಜ್ಜೆ ಇಟ್ಟವನು ಗಕ್ಕನೆ ನಿಂತ. ಅತ್ತೆಯ ಮನೆಗಿರಲಿ, ಆ ದೇಶದಲ್ಲಿ ಯಾರ ಮನೆಗೂ ಬೂಟು ಹಾಕಿಕೊಂಡು ಒಳಗೆ ಹೋಗುವಂತಿಲ್ಲ. ಬಾಗಿಲಲ್ಲೇ ಬಿಚ್ಚಬೇಕು. ಅತ್ತೆ ಬಂದವರ ಮುಖ ನೋಡುವ ಮೊದಲು ಕಾಲು ನೋಡುವವರು. ಕಾಲು ಬರಿದಾಗಿದ್ದರೆ ಕಾಲುಚೀಲವೆಲ್ಲಿ ಎಂದು ಕೇಳುತ್ತಾರೆ. ನಾಯಿ ಕಚ್ಚಿದ್ದಕ್ಕೇ ರೇಯ್ನೊನ ದೋಣಿ ಬೀದಿಪಾಲಾಗಿತ್ತು. ಇನ್ನು ಹೊಗೆಕೊಳವೆಗೆ ತುರುಕಿದವನ ಗತಿಯೇನು? ರೂಸು ಫ್ಲ್ಯಾಟಿನ ಮುಂದೆ ಹಿಮದಲ್ಲಿ ಹೂತುಹೋಗಿ, ಕನ್ನಡಿಯೊಂದೇ ಮೇಲೆ ಕಾಣುವ ದೃಶ್ಯ ಅವನ ಕಣ್ಣಿಗೆ ಕಟ್ಟಿತು. ನಿಜವಾಗಿಯೂ ಅಳು ಬಂತು.

ತಿರುಗಿ ಓಡಿದ. ತಂತಿಯೊಂದನ್ನು ಕೊಕ್ಕೆಯಾಗಿ ಬಗ್ಗಿಸಿ ಎಡಗೊಳವೆಗೆ ಹಾಕಿ ಎಳೆದ. ಏನೋ ಸಿಕ್ಕಿತು. ಎಳೆದ, ಬಂತು. ಇನ್ನೂ ಎಳೆದ, ಇನ್ನೂ ಬಂತು. ಮೂರು ಮಾರು ಎಳೆದ ಮೇಲೆ ನೋಡುತ್ತಾನೆ: ಬರುತ್ತಿರುವುದು ಕಾಲುಚೀಲವಲ್ಲ, ನೂಲು! ಮೊದಲು ಅವನ ಹೆಸರಿನ ಕೆಂಪು ಬಂತು, ಆಮೇಲೆ ಬೂದು. ಅತ್ತೆಯ ಇಡೀ ಚಳಿಗಾಲದ ಶ್ರಮ ಐದು ನಿಮಿಷದಲ್ಲಿ ಅವನ ಕಾಲ ಬುಡದಲ್ಲಿ ರಾಶಿ ಬಿತ್ತು.

"ಕಾಫಿ ಆರ್ತಿದೆ!"

ಬಲಗೊಳವೆಯದು ಕೊಕ್ಕೆಗೆ ಸಿಗಲೇ ಇಲ್ಲ. ಒಂದೇ ದಾರಿ ಉಳಿದಿತ್ತು: ಎಂಜಿನ್ ಚಾಲೂ ಮಾಡಿದರೆ ಗಾಳಿಯ ರಭಸಕ್ಕೆ ತಾನೇ ಹೊರಗೆ ಬಿದ್ದೀತು. ಆದರೆ ಬ್ಯಾಟರಿ? ಕಲೆರ್ವೊ ಬಗ್ಗಿಕೊಂಡು ಹೋಗಿ ಅಡುಗೆಮನೆಯ ಕಿಟಕಿ ತಟ್ಟಿದ.

"ರಿತ್ವಾ! ಬ್ಯಾಟರಿ ಕೊಡು."

"ಈಗ ತಾನೆ ಮಗು ಥರ ಎತ್ಕೊಂಡು ಬಂದೆನಲ್ಲೋ!"

"ಮೆತ್ತಗೆ ಮಾತಾಡೇ. ಕಾಲುಚೀಲ ಸೈಲೆನ್ಸರಲ್ಲಿದೆ."

"ಯಾರ ಕಾಲುಚೀಲ?"

ಅವನು ಬೂಟಿನಿಂದ ಬರಿಗಾಲು ಹೊರಗೆಳೆದು ತೋರಿಸಿದ. ರಿತ್ವಾಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಆಮೇಲೆ ಅವಳು, ಸೆರಗಿಲ್ಲದ್ದರಿಂದ, ಬಾಯಿಗೆ ಏಪ್ರನ್ನು ಒತ್ತಿಕೊಂಡು ನಕ್ಕಳು. "ನೀನುಂಟು, ಅಮ್ಮ ಉಂಟು. ನನಗೇನೂ ಗೊತ್ತಿಲ್ಲ," ಎಂದು ಬ್ಯಾಟರಿಯನ್ನು ಕಿಟಕಿಯಿಂದ ಹೊರಗೆ ದಾಟಿಸಿದಳು.

ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದ. ರೂಸು ಕೆಮ್ಮಿತು. ಮತ್ತೆ ಒತ್ತಿದ. ಗುರ್ರೆಂದು ಎದ್ದಿತು. ಪ್ರೀತಿಯಿಂದ ಬಿಟ್ಟಿದ್ದ ಆರು ಚಮಚ ಎಣ್ಣೆಯೂ ಒಟ್ಟಿಗೆ ಉರಿದು, ಎಡಗೊಳವೆಯಿಂದ ಬಿಳಿ ಹೊಗೆ ಧಾರಾಕಾರವಾಗಿ ಹೊರಟು ಕೊಟ್ಟಿಗೆ ತುಂಬಿತು. ಹಲಗೆಯ ಸಂದಿಗಳಿಂದ ಅಂಗಳಕ್ಕೂ ನುಗ್ಗಿತು. ಕಲೆರ್ವೊನಿಗೆ ತನ್ನ ಕೈಯೇ ಕಾಣಿಸದಾಯಿತು. ಕಣ್ಣು ಮುಚ್ಚಿ ಆಕ್ಸಿಲರೇಟರ್ ತಿರುಗಿಸಿದ.

"ಕೊಟ್ಟಿಗೆಗೆ ಬೆಂಕಿ ಬಿದ್ದಿದೆ!" ಎಂದು ಅತ್ತೆ ಸೌನಾದ ಬಕೆಟ್ಟಿನ ತುಂಬ ನೀರು ಹಿಡಿದು ಬಾಗಿಲಿಗೆ ಬಂದದ್ದಕ್ಕೂ ಬಲಗೊಳವೆ ಢಮಾರ್ ಎಂದದ್ದಕ್ಕೂ ಸರಿಹೋಯಿತು. ಹೊಗೆಯೊಳಗಿಂದ ಕರ್ರಗಿನ ವಸ್ತುವೊಂದು ಹಾರಿ ಬಂದು ಬಕೆಟ್ಟಿನಲ್ಲಿ ಚುಯ್ ಎಂದು ಬಿತ್ತು.

ಕಲೆರ್ವೊ ಎಂಜಿನ್ ಆರಿಸಿದ. ಹೊಗೆ ನಿಧಾನವಾಗಿ ತೆಳುವಾಯಿತು. ಅತ್ತೆ ಬಕೆಟ್ಟಿಗೆ ಕೈಹಾಕಿ ಆ ವಸ್ತುವನ್ನೆತ್ತಿ ಹಿಂಡಿದರು. ಮಸಿ ಇಳಿದಂತೆ ಕೆಂಪು ಅಕ್ಷರ ಕಾಣಿಸಿತು. ಅಕ್ಷರ ನೋಡಿದರು, ನೆಲದ ಮೇಲಿನ ನೂಲಿನ ರಾಶಿ ನೋಡಿದರು, ಕೊನೆಗೆ ಅಳಿಯನ ಬೂಟು ನೋಡಿದರು.

"ಒಳಗೆ ಬಾ," ಎಂದರು. "ಬೂಟು ಬಿಚ್ಚಿ."

ಬರಿಗಾಲಲ್ಲಿ ಮೇಜಿನ ಮುಂದೆ ಕುಳಿತ ಕಲೆರ್ವೊ ದಾಲ್ಚಿನ್ನಿ ಬನ್ನನ್ನು ಮುರಿದು ಮುರಿದು ಪುಡಿ ಮಾಡಿದ. ಅತ್ತೆ ಎರಡು ಕಪ್ ಕಾಫಿ ಕುಡಿದು ಮುಗಿಸಿದರು.

"ಕೊಟ್ಟಿಗೆ ನಿನಗೇ ಅಂತ ಬೆಳಿಗ್ಗೆನೇ ರೇಯ್ನೊಗೆ ಫೋನ್ ಮಾಡಿ ಹೇಳ್ಬಿಟ್ಟೆ. ಕೊಟ್ಟ ಮಾತು ನಾನು ತಿರುಗಿಸಲ್ಲ," ಎಂದರು ಕೊನೆಗೆ.

"ಅತ್ತೆ! ನೀವು ದೇವರು!"

"ಕೂತ್ಕೊ. ಬೀಗ ಈಗಲೇ ಹಾಕ್ತೀನಿ, ಕೀ ನನ್ನ ಹತ್ರ ಇರುತ್ತೆ. ಹೊಸ ಜೊತೆ ಕಾಲುಚೀಲ ಮುಗಿದ ದಿನ ಬಾಗಿಲು ತೆಗೀತೀನಿ."

"ನೀವು ಯಾವಾಗ ಮುಗಿಸ್ತೀರಿ, ಅತ್ತೆ?"

ಅತ್ತೆ ಐದು ಹೆಣಿಗೆ ಕಡ್ಡಿಗಳನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟರು. "ನಾನಲ್ಲಪ್ಪಾ, ನೀನು. ನೂಲು ಹೇಗಿದ್ರೂ ನೀನೇ ಬಿಚ್ಚಿಟ್ಟಿದೀಯಲ್ಲ."

ಮೇ ತಿಂಗಳ ನಡುವಿಗೆ ಹಿಮವೆಲ್ಲ ಕರಗಿ ರಸ್ತೆ ಒಣಗಿತು. ಊರಿನ ಬೈಕುಗಳೆಲ್ಲ ಹೊರಬಿದ್ದವು. ಹಿಮದಡಿ ಬಿದ್ದಿದ್ದ ರೇಯ್ನೊನ ದೋಣಿ ಕೂಡ ಕೆರೆಗಿಳಿದಿತ್ತು. ಕಲೆರ್ವೊ ಮಾತ್ರ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕಡ್ಡಿ ಹಿಡಿದು ಕುಳಿತಿದ್ದ. ಒಂದು ಕಾಲುಚೀಲ ಮಾರ್ಚಿನಲ್ಲೇ ಪಾಸಾಗಿತ್ತು. ಎರಡನೆಯದರ ಹಿಮ್ಮಡಿ ಮಾತ್ರ ನಾಲ್ಕನೆಯ ಸಲ ಪರೀಕ್ಷೆಗೆ ಕುಳಿತಿತ್ತು. ಅತ್ತೆ ಬಂದು ಒಳಗೆ ಬೆರಳು ಹಾಕಿ ನೋಡಿದರು.

"ಸಡಿಲ," ಎಂದು ನೂಲಿನ ತುದಿ ಹಿಡಿದು ಸರ್ರನೆ ಬಿಚ್ಚಿ, ಅವನ ತೊಡೆಯ ಮೇಲೆ ಹಾಕಿ, ಕಾಫಿಗಿಡಲು ಒಳಗೆ ಹೋದರು.

ಕಲೆರ್ವೊ ಹಲಗೆಯ ಸಂದಿಯಲ್ಲಿ ಕಣ್ಣಿಟ್ಟು ರೂಸುವನ್ನು ನೋಡಿದ. ಬೀಗ ಹಾಕುವ ಗಲಾಟೆಯಲ್ಲಿ ಕೊಳವೆಗಳಿಗೆ ಮತ್ತೆ ಏನನ್ನೂ ತುರುಕಿರಲಿಲ್ಲ ಎಂಬುದು ಆಗ ಹೊಳೆಯಿತು. ನೆಲದ ಮೇಲೆ ಒಂದು ಇಲಿ ಗಡಿಬಿಡಿಯಿಂದ ಹೋಗುತ್ತಿತ್ತು. ಅದು ಎಡಗೊಳವೆಯ ಬಾಯಿಗೆ ಹತ್ತಿ, ಒಂದು ಕ್ಷಣ ತಿರುಗಿ ಅವನತ್ತ ನೋಡಿ, ಒಳಗೆ ಮಾಯವಾಯಿತು. ಅದರ ಬಾಯಲ್ಲಿ ಒಂದು ತುಂಡು ಕೆಂಪು ನೂಲಿತ್ತು.