ಹಬ್ಬದ ದಿನವೇ ಏರುವ ಸಕ್ಕರೆ

ಕಾಯಿಲೆ ಬಂದರೆ ಜನ ಸೊರಗುತ್ತಾರೆ. ನಮ್ಮ ಅಕ್ಕ ಮಾತ್ರ ಬಡ್ತಿ ಸಿಕ್ಕವಳಂತೆ ಓಡಾಡುತ್ತಿದ್ದಳು! ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ; ನನ್ನ ನೆಗೆಣ್ಣಿ. ನೆಗೆಣ್ಣಿಯರು ಒಬ್ಬರನ್ನೊಬ್ಬರು ಕಂಡು ಉರಿಯಲೇಬೇಕು ಎಂದು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ನಾನು ಮಾತ್ರ ಬರೆದಿಟ್ಟಿದ್ದಾರೆ ಎನ್ನುವಷ್ಟು ನಿಷ್ಠೆಯಿಂದ ಪಾಲಿಸಿದೆ.

ನಮ್ಮದು ಬಾಗಲಕೋಟೆ ಕಡೆಯಿಂದ ರಾಜ್ಯದ ಗಡಿ ದಾಟಿ ದುಡಿಯಲು ಬಂದು ಕುಂಕಳ್ಳಿಯಲ್ಲಿ ಉಳಿದ ಮನೆ. ಅಣ್ಣ ತಮ್ಮ ಇಬ್ಬರಿಗೂ ಕಾರ್ಖಾನೆ ಕೆಲಸ, ನನಗೆ ಅಲ್ಲೇ ಒಂದು ಪ್ಯಾಕಿಂಗ್ ಘಟಕದಲ್ಲಿ. ಸಾಲು ಕೋಣೆಗಳಲ್ಲಿ ಎರಡು ನಮ್ಮವು, ಒಲೆ ಒಂದೇ. ಅಕ್ಕನಿಗೆ ಹದಿನಾಲ್ಕನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ಇಲ್ಲದೆ ಒಂದು ದಿನವೂ ಕಳೆಯದಂಥದ್ದು. ವರ್ಷಗಟ್ಟಲೆ ಚುಚ್ಚಿಕೊಂಡಳು. ಕೊನೆಗೆ ಆಸ್ಪತ್ರೆಯ ಡಾಕ್ಟರಮ್ಮ ಯಾವುದೋ ಟ್ರಸ್ಟಿಗೆ ಬರೆದು ಅವಳಿಗೊಂದು ಇನ್ಸುಲಿನ್ ಪಂಪು ಕೊಡಿಸಿದರು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಯಂತ್ರ. ಅದಕ್ಕೊಂದು ಸಣ್ಣ ಪೈಪು. ಪೈಪಿನ ತುದಿಗೆ ಚರ್ಮದೊಳಗೆ ಕೂರುವ ಮೆತ್ತನೆಯ ನಳಿಕೆ. ಇನ್ಸುಲಿನ್ ಹಗಲೂ ರಾತ್ರಿ ಹನಿ ಹನಿಯಾಗಿ ಒಳಗೆ ಹೋಗುತ್ತಿರುತ್ತದೆ. ಮೂರು ದಿನಕ್ಕೊಮ್ಮೆ ನಳಿಕೆ ಬದಲಿಸಿ ಬೇರೆ ಜಾಗದಲ್ಲಿ ಹಾಕಿಕೊಳ್ಳಬೇಕು.

ಆ ಯಂತ್ರ ಬಂದ ದಿನದಿಂದ ಮನೆಯಲ್ಲಿ ನಾನು ಯಾರ ಕಣ್ಣಿಗೂ ಬೀಳಲಿಲ್ಲ. ಅತ್ತೆ ತಮ್ಮ ಪೆಟ್ಟಿಗೆಯಿಂದ ಒಂದು ಖಣ ತೆಗೆದು ಪಂಪಿಗೆ ಚಂಚಿ ಹೊಲಿದರು. ಆ ಖಣದಲ್ಲಿ ಕುಪ್ಪಸ ಹೊಲಿಸಿಕೊಳ್ಳಬೇಕೆಂದು ನಾನು ಎರಡು ವರ್ಷದಿಂದ ಕಣ್ಣಿಟ್ಟಿದ್ದೆ. ಯಂತ್ರಕ್ಕೆ ಕುಪ್ಪಸ ಬಂತು, ನನಗೆ ಬರಲಿಲ್ಲ! ಬೆಳಗಾದರೆ ಎಲ್ಲರೂ ಅವಳನ್ನು ಕೇಳುವವರೇ: "ಎಷ್ಟೈತಿ?" ಮಾವನವರೇ ಬದುಕಿದ್ದರೆ ಅವರನ್ನೂ ಇಷ್ಟು ಕಾಳಜಿಯಿಂದ ಯಾರೂ ಕೇಳುತ್ತಿರಲಿಲ್ಲ. ಅವಳು ಬೆರಳಿಗೆ ಚುಚ್ಚಿ, ಮಶಿನು ನೋಡಿ, ಚುನಾವಣೆಯ ಫಲಿತಾಂಶ ಸಾರುವವಳಂತೆ "ನೂರಾ ಮೂವತ್ತು!" ಅನ್ನುತ್ತಿದ್ದಳು. ಮನೆಯೆಲ್ಲ ಖುಷಿ.

ನನಗೂ ಒಂದು ಸಂಖ್ಯೆ ಬೇಕೆನಿಸಿತು. ನಗಬೇಡಿ. ಕಾರ್ಖಾನೆಯಲ್ಲಿ ಆರೋಗ್ಯ ಶಿಬಿರ ನಡೆದಾಗ ಎಲ್ಲರಿಗಿಂತ ಮುಂದೆ ನಿಂತು ಬೆರಳು ಕೊಟ್ಟೆ. ತೊಂಬತ್ತೆರಡು ಬಂತು. ಮನೆಗೆ ಬಂದು ಹೇಳಿದರೆ ಅತ್ತೆ ಅಕ್ಕಿ ಆರಿಸುತ್ತಲೇ ಅಂದರು: "ಚಲೋ ಆತು ಬಿಡು. ಅಕಿಗೆ ಮಜ್ಜಿಗಿ ಕೊಟ್ಟೀಯೇನ?"

ಇನ್ನು ಅಕ್ಕನ ಶಿಸ್ತಿನ ಕಥೆ ಕೇಳಿ. ಪಂಪಿಗೆ ಊಟದ ಲೆಕ್ಕ ಹೇಳಬೇಕಲ್ಲ? ಅವಳು ರೊಟ್ಟಿಗೊಂದು ಅಳತೆ ಇಟ್ಟುಕೊಂಡಿದ್ದಳು: ಸ್ಟೀಲ್ ಡಬ್ಬಿಯ ಮುಚ್ಚಳ. ಅವಳು ಬಡಿದ ರೊಟ್ಟಿ ಸರಿಯಾಗಿ ಮುಚ್ಚಳದಷ್ಟೇ ಇರುತ್ತಿತ್ತು. ನಾನು ಬಡಿದದ್ದು ನಾಲ್ಕೂ ಕಡೆ ಹೊರಗೆ ಬರುತ್ತಿತ್ತು. ಅವಳು ನನ್ನ ರೊಟ್ಟಿಯ ಮೇಲೆ ಮುಚ್ಚಳ ಇಟ್ಟು, ಸುತ್ತ ಕತ್ತರಿ ಆಡಿಸಿ, ಅಂಚನ್ನು ನನ್ನ ತಾಟಿಗೇ ಹಾಕುತ್ತಿದ್ದಳು! "ಸಿಟ್ಟಿಗೇಳಬ್ಯಾಡ ತಂಗಿ, ನಿನ್ನ ರೊಟ್ಟಿಗೆ ಪಂಪು ಹೆದರತೈತಿ," ಅನ್ನುತ್ತಿದ್ದಳು.

ಇಷ್ಟು ಲೆಕ್ಕವಿಟ್ಟರೂ ಒಮ್ಮೊಮ್ಮೆ ಅವಳ ಸಕ್ಕರೆ ಕಾರಣವೇ ಇಲ್ಲದೆ ಏರಿಬಿಡುತ್ತಿತ್ತು. ಮುನ್ನೂರೈವತ್ತು, ನಾನೂರು! ಹಾಗೆ ಏರಿದಾಗ ಏನು ಮಾಡಬೇಕೆಂದು ಡಾಕ್ಟರಮ್ಮ ಚೆನ್ನಾಗಿಯೇ ಕಲಿಸಿದ್ದರು. ಮೊದಲು ಪೈಪು ನೋಡು, ಗಾಳಿಗುಳ್ಳೆ ಇದೆಯೇ? ನಳಿಕೆ ನೋಡು, ಮಡಚಿದೆಯೇ, ಕಳಚಿದೆಯೇ? ಇನ್ಸುಲಿನ್ ಬಿಸಿಲಿಗೆ ಕೆಟ್ಟಿದೆಯೇ? ಅನುಮಾನ ಬಂದರೆ ಪಂಪನ್ನು ನಂಬಬೇಡ, ಇನ್ಸುಲಿನ್ ಪೆನ್ನಿನಿಂದ ಚುಚ್ಚಿಕೋ, ಎಲ್ಲವನ್ನೂ ಹೊಸದಾಗಿ ಹಾಕು. ಅಕ್ಕ ಇದನ್ನೆಲ್ಲ ಮಾಡುತ್ತಿದ್ದಳು, ಆದರೆ ಕೊನೆಯಲ್ಲಿ, ಅವಸರದಲ್ಲಿ. ಮೊದಲು ಮನೆಯವರ ವಿಚಾರಣೆ!

ಒಂದು ನಾಗರಪಂಚಮಿಯ ಮಧ್ಯಾಹ್ನ ನಮ್ಮನ್ನೆಲ್ಲ ಸಾಲಾಗಿ ಕೂರಿಸಿದಳು. ಅತ್ತೆ, ಭಾವ, ನನ್ನ ಗಂಡ, ಅವಳ ಮಗಳು, ನಾನು.

"ನನ್ನ ಚಾದಾಗ ಸಕ್ಕರಿ ಹಾಕಿದವರು ಯಾರು? ಖರೇ ಹೇಳ್ರಿ."

"ಚಾ ನೀನ ಮಾಡೀದಿ," ಅಂದರು ಭಾವ.

"ಹಂಗಾರ ಪಲ್ಯಾದಾಗ ಬೆಲ್ಲ?"

"ಪಲ್ಯಾನೂ ನೀನ ಮಾಡೀದಿ!"

ಅವಳ ನೋಟ ಒಬ್ಬೊಬ್ಬರನ್ನೇ ದಾಟಿ ನನ್ನ ಮೇಲೆ ಬಂದು ನಿಂತಿತು. ನನ್ನ ಮುಖವೇ ಅಂಥದ್ದು, ತಪ್ಪು ಮಾಡದಿದ್ದಾಗಲೂ ಮಾಡಿದಂತೆ ಕಾಣುತ್ತದೆ. "ಉಂಡಿ ಕಟ್ಟಿದ ಕೈಲೆ ನನಗ ನೀರು ಕೊಟ್ಟೀಯೇನ?" ಅಂದಳು. ಲೋಟದ ಹೊರಗೆ ಅಂಟಿದ ಬೆಲ್ಲದಿಂದ ಸಕ್ಕರೆ ನಾನೂರಕ್ಕೆ ಏರುತ್ತದೆಯೇ? ಅದನ್ನು ಕೇಳುವ ಧೈರ್ಯ ಯಾರಿಗಿತ್ತು?

ಯುಗಾದಿಗೂ ಇದೇ ಆಯಿತು. ಈ ಸಲ ಅತ್ತೆ ದೃಷ್ಟಿ ತೆಗೆದರು. ಉಪ್ಪು ಮೆಣಸಿನಕಾಯಿ ಅಕ್ಕನಿಗೆ ನಿವಾಳಿಸಿ, ಪಂಪಿಗೂ ಬೇರೆಯಾಗಿ ನಿವಾಳಿಸಿ, ಒಲೆಗೆ ಹಾಕಿದರು. ಕಣ್ಣು ಬಿದ್ದಿದ್ದರೆ ಘಾಟು ಬರುವುದಿಲ್ಲವಂತೆ. "ನೋಡ್ರಿ, ಒಂದೀಟೂ ಘಾಟಿಲ್ಲ! ಜಬರ್ದಸ್ತ್ ಕಣ್ಣು ಬಿದ್ದೈತಿ," ಎಂದು ನನ್ನತ್ತ ನೋಡಿದರು. ಪಕ್ಕದ ಕೋಣೆಯ ಗಂಡಹೆಂಡತಿ ಕೆಮ್ಮುತ್ತ ಅಂಗಳಕ್ಕೆ ಓಡಿಬಂದು ನಿಂತಿದ್ದರು. ನನ್ನ ಕಣ್ಣಲ್ಲೂ ನೀರು. ಆದರೂ ಘಾಟು ಬರಲಿಲ್ಲ ಎಂದು ತೀರ್ಮಾನವಾಯಿತು.

ಇಲ್ಲೊಂದು ಸತ್ಯ ಒಪ್ಪಿಕೊಳ್ಳುತ್ತೇನೆ. ನನ್ನ ಕಣ್ಣು ಬಿದ್ದದ್ದು ನಿಜ. ಆದರೆ ಅದು ಬಿದ್ದಿದ್ದು ಡಾಬಿನ ಮೇಲೆ. ಮನೆಯ ಹಿರಿಯ ಸೊಸೆಗೆ ಸೇರುವ ಬೆಳ್ಳಿಯ ಡಾಬು ಅದು. ನಾಲ್ಕು ಬೆರಳಗಲ, ನಡುವೆ ನವಿಲು. ಇಳಕಲ್ ಸೀರೆಯ ಮೇಲೆ ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಅಕ್ಕ ಹೊರಬಂದರೆ ಕೋಣೆಗಳ ಸಾಲಿಗೆ ಸಾಲೇ ತಿರುಗಿ ನೋಡುತ್ತಿತ್ತು. ಹಬ್ಬ ಬಂದರೆ ಹೋಳಿಗೆಗಿಂತ ಮೊದಲು ನನಗೆ ನೆನಪಾಗುತ್ತಿದ್ದುದು ಆ ಡಾಬು, ಮತ್ತು ಅದು ನನ್ನ ಸೊಂಟದ ಮೇಲಿಲ್ಲ ಎನ್ನುವುದು.

ಹೊಟ್ಟೆಕಿಚ್ಚಿನವರಿಗೆ ನೆನಪು ಜಾಸ್ತಿ ಎಂದು ಕಾಣುತ್ತದೆ. ಡಾಬು ಯಾವ ಯಾವ ದಿನ ಹೊರಬಂತು ಎಂಬ ಪಟ್ಟಿ ನನ್ನ ತಲೆಯಲ್ಲಿ ಸದಾ ಸಿದ್ಧವಿರುತ್ತಿತ್ತು. ಚವತಿಯ ಬೆಳಿಗ್ಗೆ ಅವಳು ಡಾಬು ಕಟ್ಟಿಕೊಂಡು ಗಣಪತಿಯ ಮುಂದೆ ಕುಳಿತದ್ದನ್ನು ಉರಿಯುತ್ತ ನೋಡುತ್ತಿದ್ದೆ. ಥಟ್ಟನೆ ಹೊಳೆಯಿತು. ಪಂಚಮಿಯಂದು ಡಾಬು, ಪಂಚಮಿಯಂದು ನಾನೂರು. ಯುಗಾದಿಯಂದು ಡಾಬು, ಯುಗಾದಿಯಂದು ನಾನೂರು. ನಳಿಕೆ ಇರುವುದು ಹೊಟ್ಟೆಯ ಮೇಲೆ. ಅದರ ಮೇಲೆ ಬಿಗಿಯುವುದು ಏನು? ರಾತ್ರಿ ಡಾಬು ಬಿಚ್ಚಿ, ಹಳೆಯ ನಳಿಕೆಯನ್ನು ಸರಿಯಾಗಿ ನೋಡದೆ ಎಸೆದು, ಎಲ್ಲ ಹೊಸದಾಗಿ ಹಾಕಿಕೊಂಡ ಮೇಲೆ ಸಕ್ಕರೆ ಇಳಿಯುತ್ತಿತ್ತು. ಹೋಳಿಗೆಯ ಮೇಲೆ ಅನುಮಾನ ಉಳಿಯುತ್ತಿತ್ತು, ಅಥವಾ ನನ್ನ ಮೇಲೆ.

ಹೇಳಬೇಕಲ್ಲ? ಆದರೆ ಯಾರು ಹೇಳಬೇಕು? ನಾನು! ಡಾಬಿನ ಮೇಲೆ ಆಸೆಯಿಟ್ಟವಳು ಎಂದು ಮನೆಗೆಲ್ಲ ಗೊತ್ತಿರುವ ನಾನು ಹೋಗಿ "ಡಾಬು ಬಿಚ್ಚಿ" ಅಂದರೆ ಯಾರು ನಂಬುತ್ತಾರೆ? ಬೇರೆಯವರ ಮಾತಿರಲಿ, ನನಗೇ ನನ್ನ ಮೇಲೆ ನಂಬಿಕೆ ಬರಲಿಲ್ಲ. ಇದು ಬುದ್ಧಿಗೆ ಹೊಳೆದದ್ದೋ, ಹೊಟ್ಟೆಕಿಚ್ಚಿಗೆ ಹೊಳೆದದ್ದೋ? ಹೀಗೆ ಯೋಚಿಸುತ್ತ ಮಧ್ಯಾಹ್ನದವರೆಗೆ ಬಾಯಿ ಮುಚ್ಚಿಕೊಂಡು ಕುಳಿತೆ. ಆ ಕೆಲವು ತಾಸುಗಳನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಊಟದ ಹೊತ್ತಿಗೆ ಅಕ್ಕ ಬೆವರುತ್ತ ಗೋಡೆಗೆ ಒರಗಿದಳು. "ಹೊಟ್ಟಿ ತೊಳಸಾಕತ್ತೈತಿ," ಅಂದಳು. ಮಗಳು ಬೆರಳಿಗೆ ಚುಚ್ಚಿ ನೋಡಿದಳು: ನಾನೂರಾ ನಲವತ್ತು. ಈ ಸಲ ವಿಚಾರಣೆ ನಡೆಸುವ ಶಕ್ತಿಯೂ ಅವಳಲ್ಲಿರಲಿಲ್ಲ. ಅದನ್ನು ನೋಡಿಯೇ ನಾನು ಹೆದರಿದೆ.

"ಡಾಬು ಬಿಚ್ಚ್ರಿ ಅಕ್ಕಾರ!" ಎಂದು ಕಿರುಚಿದೆ.

ಅತ್ತೆ ಮೆಲ್ಲಗೆ ಅಂದರು: "ಅಕಿ ಜೀವ ಹೊಂಟೈತಿ. ಈಗೂ ನಿನಗ ಡಾಬಿಂದ ಚಿಂತಿ ಏನ?"

ಅಕ್ಕ ನನ್ನ ಮುಖವನ್ನೇ ನೋಡಿದಳು. ಏನು ಕಂಡಿತೋ, ತಾನೇ ಕೈಹಾಕಿ ಡಾಬಿನ ಕೊಂಡಿ ತೆಗೆದಳು. ನಾನು ಸೀರೆ ಸರಿಸಿದೆ. ನಳಿಕೆಯನ್ನು ಹಿಡಿದಿಡುವ ಅಂಟುಪಟ್ಟಿ ಒದ್ದೆಯಾಗಿತ್ತು, ಔಷಧದ ವಾಸನೆ. ಬೆಳಗಿನಿಂದ ಇನ್ಸುಲಿನ್ ಅವಳ ಒಳಗಲ್ಲ, ಸೀರೆಯ ನೆರಿಗೆಗೆ ಹೋಗಿತ್ತು. ನಳಿಕೆ ಮುರಿದ ಬೆರಳಿನ ಹಾಗೆ ಅಡ್ಡಕ್ಕೆ ಮಡಚಿಕೊಂಡು ಹೊರಬಂತು. ಡಾಕ್ಟರಮ್ಮನಿಗೆ ಫೋನು ಮಾಡಿ, ಅವರು ಹೇಳಿದಂತೆ ಪೆನ್ನಿನಿಂದ ಚುಚ್ಚಿ, ಹೊಸ ನಳಿಕೆ ಹಾಕಿ, ನೀರು ಕುಡಿಸಿದೆವು. ಎರಡು ತಾಸಿನಲ್ಲಿ ಇಳಿಯದಿದ್ದರೆ ಕರೆತನ್ನಿ ಅಂದಿದ್ದರು. ಇಳಿಯಿತು.

ಇನ್ನು ಡಾಬು ಪೆಟ್ಟಿಗೆ ಸೇರಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಒಳಗೊಳಗೆ ಸ್ವಲ್ಪ ಖುಷಿಪಟ್ಟೆ. ಮರುದಿನ ಅಕ್ಕ ಘೋಷಿಸಿದಳು: "ಡಾಬು ಬಿಡೂದಿಲ್ಲ. ನಳಿಕಿ ಜಾಗಾ ಬದಲ್ ಮಾಡೂಣು. ತೋಳಿನ ಹಿಂದ!" ಡಾಕ್ಟರಮ್ಮನೂ ಆಗಬಹುದು ಅಂದರು. ಆದರೆ ತೋಳಿನ ಹಿಂದೆ ಅವಳ ಕೈ ಎಟುಕಬೇಕಲ್ಲ? ಭಾವ ತಮ್ಮಿಂದಾಗದು ಎಂದು ಕೈಮುಗಿದರು, ಬೆರಳಿಗೆ ಚುಚ್ಚುವ ಮಗಳೂ ನಳಿಕೆ ಹಾಕುವ ಉದ್ದನೆಯ ಸೂಜಿ ಕಂಡರೆ ಓಡುತ್ತಿದ್ದಳು.

"ನೀನ ಹಾಕು," ಅಂದಳು ನನಗೆ. "ನನ್ನ ಮ್ಯಾಲೆ ಇಷ್ಟು ಕಣ್ಣಿಟ್ಟಾಕಿ ಬ್ಯಾರೆ ಯಾರದಾರ?"

ಹೀಗೆ ಎರಡು ವರ್ಷ ನಾನೇ ಹಾಕಿದೆ. ಪ್ರತಿ ಸಲವೂ "ಅಯ್ಯಯ್ಯ, ಕೊಂದೆಲ್ಲ ನನ್ನ! ಸೇಡು ತೀರಿಸ್ಕೊಳ್ಳಾಕತ್ತೀ!" ಎಂದು ಸಾಲಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಅತ್ತೆ ಒಳಗಿನಿಂದಲೇ ನನ್ನನ್ನು ಬೈಯುತ್ತಿದ್ದರು.

ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಸಕ್ಕರೆಯಿಂದಲ್ಲ, ಪಂಪಿನಿಂದಲ್ಲ, ಜ್ವರ ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸುವಾಗ ನಾನು ಕೆಲಸದಲ್ಲಿದ್ದೆ. ನಾನು ಹೋಗುವ ಹೊತ್ತಿಗೆ ಅವಳ ಬಾಯಿಗೆ ಆಕ್ಸಿಜನ್ ಹಾಕಿದ್ದರು, ಮಾತಿರಲಿಲ್ಲ. ಮತ್ತೆ ಮಾತು ಬರಲೂ ಇಲ್ಲ, ಹಾಗೇ ಹೋಗಿಬಿಟ್ಟಳು.

ಆಮೇಲೆ ಮಗಳು ಹೇಳಿದಳು. ವಾರ್ಡಿನಲ್ಲಿ ಪಂಪು ತೆಗೆದಿಡಬೇಕೆಂದು ನರ್ಸೊಬ್ಬಳು ಬಂದು ಅಕ್ಕನ ತೋಳಿನ ಪಟ್ಟಿ ಬಿಡಿಸಿದಳಂತೆ. "ಇಷ್ಟು ಚೆನ್ನಾಗಿ ಯಾರು ಹಾಕಿದ್ದು?" ಎಂದು ಹಿಂದಿಯಲ್ಲಿ ಕೇಳಿದಳಂತೆ. ಜ್ವರದಲ್ಲಿದ್ದ ಅಕ್ಕ ಕನ್ನಡದಲ್ಲೇ ಹೇಳಿದಳಂತೆ: "ನನ್ನ ಕಂಡ್ರ ಹೊಟ್ಟಿ ಉರ್ಕೊಳ್ಳಾಕಿ ಒಬ್ಬಾಕಿ ಅದಾಳವ್ವ, ಅಕಿ. ಅಕಿ ಹಾಕಿದ್ರ ನನಗ ನೋವ ಆಗೂದಿಲ್ಲ."

ನರ್ಸಿಗೆ ಕನ್ನಡ ಬರುತ್ತಿರಲಿಲ್ಲ. ಸುಮ್ಮನೆ ತಲೆಯಾಡಿಸಿ ಹೋದಳಂತೆ. ಅವಳು ಯಾರೋ, ಈಗ ಯಾವ ವಾರ್ಡಿನಲ್ಲಿದ್ದಾಳೋ. ನಾನು ಕೇಳಬೇಕಿದ್ದ ಮಾತನ್ನು ಅವಳು ಕೇಳಿ, ಏನೂ ತಿಳಿಯದೆ ಮರೆತುಬಿಟ್ಟಿದ್ದಾಳೆ. ನನಗೀಗ ಅವಳ ಮೇಲೆ ಹೊಟ್ಟೆಕಿಚ್ಚು.